ವಿಮರ್ಶೆ ವಿಡಿಯೋದಲ್ಲಿ ಸ್ಟ್ರೀಮರ್ ವಿಳಾಸ ಎರಡು ಫ್ರೇಮ್ ಕಂಡರೆ ಅದು ಡಾಕ್ಸಿಂಗಾ?

ಕೊನೆಬೆಂಚು
ಈ ಥರದ ಜಗಳ ಪದೇ ಪದೇ ನಡೀತಾನೇ ಇದೆ, ಅದಕ್ಕೆ ಯಾರ ಹೆಸರೂ ತೆಗೆಯದೆ ಅದರ ಮಾದರಿ ಮಾತ್ರ ಇಡ್ತಿದ್ದೀನಿ. ಒಬ್ಬ ಸ್ಟ್ರೀಮರ್ ಲೈವಲ್ಲಿ ಚಾರಿಟಿಗೆ ಅಂತ ದುಡ್ಡು ಎತ್ತುತ್ತಾರೆ. ಒಬ್ಬ ವಿಮರ್ಶಕ ಉದ್ದನೆಯ ವಿಡಿಯೋ ಮಾಡಿ ಲೆಕ್ಕ ಕೇಳ್ತಾರೆ. ಕಂಪನಿ ನೋಂದಣಿ ಪತ್ರ ತೋರಿಸುವಾಗ ಮುಚ್ಚೋಕೆ ಹಾಕಿದ ಬ್ಲರ್ ಎರಡು ಫ್ರೇಮ್ (ವಿಡಿಯೋದ ಒಂದೊಂದು ಚಿತ್ರ) ಜಾರುತ್ತೆ, ಮನೆ ವಿಳಾಸ ಕಂಡುಬಿಡುತ್ತೆ. ಸ್ಟ್ರೀಮರ್ ಅವತ್ತೇ ಲೈವ್‌ಗೆ ಬಂದು "ನನ್ನನ್ನ ಡಾಕ್ಸ್ ಮಾಡಿದ್ದಾರೆ" ಅಂತ, ಅಂದ್ರೆ ಖಾಸಗಿ ಮಾಹಿತಿ ಬಯಲು ಮಾಡಿದ್ದಾರೆ ಅಂತ, ಅಳ್ತಾರೆ. ಅಲ್ಲಿಗೆ ಚಾರಿಟಿ ಲೆಕ್ಕದ ಮಾತು ನಿಂತು ಹೋಗುತ್ತೆ, ಎರಡೂ ಕಡೆ ಅಭಿಮಾನಿಗಳು ಒಬ್ಬರ ಮೇಲೊಬ್ಬರು ಬೀಳ್ತಾರೆ.

ಇಲ್ಲಿ ಮಾಡರೇಟರ್‌ಗಳು, ಎಡಿಟರ್‌ಗಳು ಸುಮಾರು ಜನ ಇದ್ದೀರಿ. ಸರ್ಕಾರಿ ದಾಖಲೆಯಲ್ಲಿ ಯಾರಿಗೆ ಬೇಕಾದರೂ ಸಿಗೋ ವಿಳಾಸ ತೋರಿಸಿದರೂ ಡಾಕ್ಸಿಂಗ್ ಅಂತೀರಾ? ಮತ್ತೆ ಆರೋಪ ಬಂದಾಗ ಅದು ನಿಜವೋ ಇಲ್ಲ ಬಾಯಿ ಮುಚ್ಚಿಸೋ ತಂತ್ರವೋ ಅಂತ ಹೊರಗಿನವರು ಹೇಗೆ ಪತ್ತೆ ಮಾಡೋದು?

ಬಿಟ್‌ರೇಟ್‌ಬಾಬು
ಡಾಕ್ಸಿಂಗ್ ಅಲ್ಲ. ಪಬ್ಲಿಕ್ ದಾಖಲೆ. ಮುಗೀತು.

ಮಾಡ್‌ಕಾವಲು
ಮುಗೀಲಿಲ್ಲ ಗುರು. ಆ ದಾಖಲೆ ಹುಡುಕೋಕೆ ಸ್ಟ್ರೀಮರ್‌ನ ನಿಜವಾದ ಹೆಸರು ಗೊತ್ತಿರಬೇಕು, ಕಂಪನಿ ಹೆಸರು ಗೊತ್ತಿರಬೇಕು, ಆ ಕಂಪನಿ ಇವರದ್ದೇ ಅಂತಲೂ ಗೊತ್ತಿರಬೇಕು. ಈ ಮೂರೂ ಕೊಂಡಿ ಜೋಡಿಸಿ, ಆಗಲೇ ಸಿಟ್ಟಲ್ಲಿರೋ ಸಾವಿರಾರು ಜನರ ಮುಂದೆ ಇಟ್ಟಾಗ ಮೊದಲು ಇರದಿದ್ದ ಅಪಾಯ ಹುಟ್ಟುತ್ತೆ. ಕಡತದಲ್ಲಿ ಮಲಗಿದ್ದ ವಿಳಾಸದಿಂದ ಯಾರಿಗೂ ಏನೂ ಆಗಿರಲಿಲ್ಲ.

ಯೂಟ್ಯೂಬಿನ ಕಿರುಕುಳ ನೀತಿಯಲ್ಲೂ ಮನೆ ವಿಳಾಸ, ಇಮೇಲ್, ಫೋನ್ ನಂಬರ್ ಹಾಕೋದನ್ನ ನಿಷೇಧಿಸಿದ್ದಾರೆ. ವ್ಯಾಪಕವಾಗಿ ಸಿಗೋ ಮಾಹಿತಿಗೆ ವಿನಾಯಿತಿ ಇದೆ ನಿಜ, ಆದರೆ ಅಲ್ಲಿ ಕೊಟ್ಟಿರೋ ಉದಾಹರಣೆ ಅಧಿಕಾರಿಯ ಕಚೇರಿ ನಂಬರು, ಅಂಗಡಿಯ ನಂಬರು. ಮನೆಯಿಂದಲೇ ಕೆಲಸ ಮಾಡೋ ಸ್ಟ್ರೀಮರ್ ಕಂಪನಿ ನೋಂದಾಯಿಸಿದರೆ ಕಚೇರಿ ವಿಳಾಸವೂ ಮನೆ ವಿಳಾಸವೂ ಒಂದೇ ಆಗಿರುತ್ತೆ. ಜಗಳ ಹುಟ್ಟೋದು ಈ ಸಂದಿಯಲ್ಲೇ.

ಬಿಟ್‌ರೇಟ್‌ಬಾಬು
ಹಂಗಾದರೆ ಚಾರಿಟಿ ದುಡ್ಡು ನುಂಗಿದವರನ್ನ ಯಾರೂ ಪ್ರಶ್ನೆ ಮಾಡಬಾರದಾ? ದಾಖಲೆ ತೋರಿಸದಿದ್ದರೆ "ಸಾಕ್ಷಿ ಎಲ್ಲಿ" ಅಂತಾರೆ, ತೋರಿಸಿದರೆ "ಡಾಕ್ಸ್" ಅಂತಾರೆ.

ಮಾಡ್‌ಕಾವಲು
ಪ್ರಶ್ನೆ ಮಾಡಿ, ಬೇಡ ಅಂದವರು ಯಾರು? ದಾಖಲೆಯಿಂದ ನಿಮಗೆ ಬೇಕಿರೋದು ನೋಂದಣಿಯಾದ ದಿನಾಂಕ, ಸಂಸ್ಥೆ ಯಾವ ಬಗೆಯದು ಅನ್ನೋದು, ನಿರ್ದೇಶಕರು ಯಾರು ಅನ್ನೋದು. ಮನೆ ನಂಬರು ಆ ವಾದಕ್ಕೆ ಒಂದು ಗುಲಗಂಜಿ ತೂಕವನ್ನೂ ಸೇರಿಸಲ್ಲ. ವಾದಕ್ಕೆ ಬೇಕಿಲ್ಲದ ಮಾಹಿತಿಯನ್ನ ಕಪ್ಪು ಪೆಟ್ಟಿಗೆ ಹಾಕಿ ಮುಚ್ಚಿ, ಮಿಕ್ಕಿದ್ದನ್ನ ಧೈರ್ಯವಾಗಿ ತೋರಿಸಿ.

ಟೈಮ್‌ಲೈನ್ ತಮ್ಮಣ್ಣ
ಎಡಿಟಿಂಗ್ ಕಡೆಯಿಂದ ಹೇಳ್ತೀನಿ, ಯಾಕಂದ್ರೆ "ಎರಡು ಫ್ರೇಮ್ ಜಾರಿತು" ಅನ್ನೋದು ತುಂಬಾ ಸಲ ನಿಜವೇ ಆಗಿರುತ್ತೆ. ಜಾರೋದು ಎಲ್ಲಿ ಅಂದ್ರೆ ಟ್ರಾನ್ಸಿಷನ್‌ನಲ್ಲಿ. ದಾಖಲೆಯ ಕ್ಲಿಪ್ ಒಂದು ಟ್ರ್ಯಾಕ್‌ನಲ್ಲಿ, ಬ್ಲರ್ ಪದರ ಅದರ ಮೇಲಿನ ಟ್ರ್ಯಾಕ್‌ನಲ್ಲಿ ಇರುತ್ತೆ. ಆಮೇಲೆ ದಾಖಲೆಯ ಕ್ಲಿಪ್‌ಗೆ ಮಾತ್ರ ಕ್ರಾಸ್‌ಫೇಡ್ (ಒಂದು ದೃಶ್ಯ ಮಸುಕಾಗ್ತಾ ಇನ್ನೊಂದು ಮೂಡೋದು) ಹಾಕ್ತಾರೆ. ಫೇಡ್ ಮುಗಿಯೋ ತನಕ ದಾಖಲೆ ಪರದೆ ಮೇಲೆ ಇರುತ್ತೆ, ಬ್ಲರ್ ಪದರ ಮಾತ್ರ ಹಳೇ ಜಾಗದಲ್ಲೇ ಮುಗಿದಿರುತ್ತೆ. ಮಸುಕಾಗ್ತಿರೋ ಪತ್ರದ ಮೇಲೆ ವಿಳಾಸ ಸ್ಪಷ್ಟವಾಗಿ ಓದೋ ಹಾಗೆ ನಿಂತಿರುತ್ತೆ. ಜೂಮ್ ಮಾಡೋವಾಗಲೂ ಇದೇ ಕಥೆ: ದಾಖಲೆ ದೊಡ್ಡದಾಗುತ್ತೆ, ಬ್ಲರ್ ಇದ್ದಲ್ಲೇ ಇರುತ್ತೆ.

ಇದಕ್ಕೆ ಪರಿಹಾರ ಟೈಮ್‌ಲೈನ್‌ನಲ್ಲಿ ಇಲ್ಲ, ಅದಕ್ಕೂ ಮೊದಲೇ ಇದೆ. ದಾಖಲೆಯನ್ನ ಮೊದಲು ಚಿತ್ರವಾಗಿ ಉಳಿಸ್ಕೊಳ್ಳಿ, ಆ ಚಿತ್ರದಲ್ಲೇ ಘನ ಕಪ್ಪು ಪೆಟ್ಟಿಗೆ ಬಳಿದು ಸೇವ್ ಮಾಡಿ, ಆ ಫೈಲನ್ನ ಮಾತ್ರ ಪ್ರಾಜೆಕ್ಟ್‌ಗೆ ತನ್ನಿ. ಮೂಲ ಫೈಲು ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇರಬಾರದು. ಆಗ ಫೇಡ್ ಹಾಕಿದರೂ ಜೂಮ್ ಮಾಡಿದರೂ ಸೋರೋಕೆ ಏನೂ ಇರಲ್ಲ. ಅಂಕಿಗಳ ಮೇಲೆ ಮೊಸಾಯಿಕ್ (ಚೌಕ ಚೌಕವಾಗಿ ಮಸುಕು ಮಾಡೋದು) ಹಾಕಬೇಡಿ. ಅಕ್ಷರದ ಅಳತೆ, ಫಾಂಟ್ ಗೊತ್ತಿದ್ದರೆ ಒಂದೊಂದೇ ಅಂಕಿಗೆ ಮೊಸಾಯಿಕ್ ಹಾಕಿ ಹೋಲಿಸಿ ನೋಡಿ ಊಹಿಸಬಹುದು.

ಪಿಡಿಎಫ್ ವಿಷಯ ಇನ್ನೂ ಕೆಟ್ಟದು. ಪಿಡಿಎಫ್ ಮೇಲೆ ಕಪ್ಪು ಪೆಟ್ಟಿಗೆ ಎಳೆದು ಲಿಂಕ್ ಹಂಚಿದರೆ, ಕೆಳಗಿನ ಅಕ್ಷರ ಹಾಗೇ ಇರುತ್ತೆ. ಸೆಲೆಕ್ಟ್ ಮಾಡಿ ಕಾಪಿ ಹೊಡೆದರೆ ಪೂರ್ತಿ ವಿಳಾಸ ಬರುತ್ತೆ.

ನಿಧಾನಿ
ಪ್ರಕಟಿಸೋ ಮೊದಲು ಚೆಕ್ ಮಾಡೋ ವಿಧಾನ: ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿ, ವಿಡಿಯೋ ಪಾಜ್ ಮಾಡಿ, ಕೀಬೋರ್ಡಲ್ಲಿ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ ಹಿಂದೆ. ದಾಖಲೆ ಬರೋ ಜಾಗಗಳನ್ನೆಲ್ಲ ಹೀಗೇ ದಾಟಿಸಿ. ಹಗೆ ಇರೋರು ಇದನ್ನೇ ಮಾಡ್ತಾರೆ. ಸೆಕೆಂಡಿಗೆ 30 ಫ್ರೇಮ್ ಇರೋ ವಿಡಿಯೋದಲ್ಲಿ ಎರಡು ಫ್ರೇಮ್ ಅಂದ್ರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ಸುಮ್ಮನೆ ನೋಡೋರ ಕಣ್ಣಿಗೆ ಬೀಳಲ್ಲ, ಹುಡುಕೋರ ಕೈಗೆ ಸಿಕ್ಕೇ ಸಿಗುತ್ತೆ.

ಕೊನೆಬೆಂಚು
ಒಂದು ವೇಳೆ ಪ್ರಕಟ ಆಗಿಬಿಟ್ಟಿದ್ದರೆ? ಡಿಲೀಟ್ ಮಾಡಿ ಮತ್ತೆ ಹಾಕಬೇಕಾ?

ಟೈಮ್‌ಲೈನ್ ತಮ್ಮಣ್ಣ
ಡಿಲೀಟ್ ಬೇಕಿಲ್ಲ. ಮೊದಲ ಕೆಲಸ, ವಿಡಿಯೋ ಪ್ರೈವೇಟ್ ಮಾಡೋದು. ಆಮೇಲೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಟ್ರಿಮ್ ಮಾಡಿ ಆ ತುಂಡನ್ನೇ ಕತ್ತರಿಸಿ, ಇಲ್ಲ ಕಸ್ಟಮ್ ಬ್ಲರ್ ಹಾಕಿ. ಲಿಂಕ್, ಕಾಮೆಂಟ್, ವೀಕ್ಷಣೆ ಎಲ್ಲ ಉಳಿಯುತ್ತೆ. ಪ್ರೈವೇಟ್ ಯಾಕೆ ಮೊದಲು ಅಂದ್ರೆ, ಎಡಿಟ್ ಪ್ರೊಸೆಸ್ ಆಗೋಕೆ ಗಂಟೆಗಟ್ಟಲೆ ಹಿಡಿಯಬಹುದು, ಅಲ್ಲೀತನಕ ಹಳೇ ವಿಡಿಯೋನೇ ಓಡ್ತಿರುತ್ತೆ. ಇನ್ನೊಂದು ತೊಡಕು: 1 ಲಕ್ಷಕ್ಕಿಂತ ಜಾಸ್ತಿ ವೀಕ್ಷಣೆ ಆಗಿದ್ದು, ಚಾನೆಲ್ ಪಾರ್ಟ್‌ನರ್ ಪ್ರೋಗ್ರಾಮ್‌ನಲ್ಲಿ (ಯೂಟ್ಯೂಬ್ ಆದಾಯ ಹಂಚಿಕೊಳ್ಳೋ ಯೋಜನೆ) ಇಲ್ಲದಿದ್ದರೆ ಈ ಬದಲಾವಣೆ ಸೇವ್ ಆಗದೇ ಇರಬಹುದು. ಆಗ ಮಾತ್ರ ತೆಗೆದು ಮತ್ತೆ ಹಾಕಿ.

ಸೀನ್‌ಸ್ವಿಚ್
ಎಲ್ಲರೂ ವಿಮರ್ಶಕನ ಬಗ್ಗೆಯೇ ಮಾತಾಡ್ತಿದ್ದೀರಿ. ನನ್ನ ಪ್ರಕಾರ ದೊಡ್ಡ ಅನಾಹುತ ನಡೆಯೋದು ಸ್ಟ್ರೀಮರ್ ಲೈವಲ್ಲಿ ಬಂದು ಕಿರುಚಿದಾಗ. ಎರಡು ಫ್ರೇಮ್ ಯಾರೂ ಗಮನಿಸಿರಲಿಲ್ಲ. ಇವರು "ಅದು ನನ್ನ ಮನೆ ಅಡ್ರೆಸ್, 41ನೇ ನಿಮಿಷದಲ್ಲಿದೆ" ಅಂದ ಕೂಡಲೇ ಚಾಟ್‌ನಲ್ಲಿರೋ ಅಷ್ಟೂ ಜನ 41ನೇ ನಿಮಿಷಕ್ಕೆ ಓಡ್ತಾರೆ. ಜೊತೆಗೆ ವಿಳಾಸ ಸರಿ ಇದೆ ಅಂತ ಖಾತ್ರಿಯೂ ಸಿಕ್ಕಿತು. ಅಲ್ಲೀತನಕ ಅದು ಹಳೇ ಮನೆಯೋ, ಅಕೌಂಟೆಂಟ್ ಆಫೀಸೋ ಅನ್ನೋ ಅನುಮಾನ ಇತ್ತು. ಆ ಅನುಮಾನವೇ ರಕ್ಷಣೆ ಆಗಿತ್ತು.

ಮಾಡ್‌ಕಾವಲು
ನೂರಕ್ಕೆ ನೂರು ಒಪ್ತೀನಿ. ಸರಿಯಾದ ದಾರಿ: ಲೈವಲ್ಲಿ ಒಂದು ಅಕ್ಷರವೂ ಆಡಬಾರದು. ವಿಮರ್ಶಕರಿಗೆ ಖಾಸಗಿಯಾಗಿ ಮೇಲ್, ಎರಡೇ ಸಾಲು: "ನಿಮ್ಮ ವಿಡಿಯೋದ ಇಂಥ ನಿಮಿಷ, ಇಂಥ ಸೆಕೆಂಡಿನಲ್ಲಿ ಒಬ್ಬರ ಖಾಸಗಿ ಮಾಹಿತಿ ಕಾಣ್ತಿದೆ, ದಯವಿಟ್ಟು ತೆಗೆಯಿರಿ." "ನನ್ನ ವಿಳಾಸ" ಅಂತ ಬರೆಯಬೇಡಿ, ಆ ಮೇಲ್‌ನ ಸ್ಕ್ರೀನ್‌ಶಾಟ್ ನಾಳೆ ಹೊರಗೆ ಬರಬಹುದು. ಅದರ ಜೊತೆಗೇ ಪ್ಲಾಟ್‌ಫಾರ್ಮ್‌ಗೆ ಪ್ರೈವಸಿ ದೂರು ಕೊಡಿ. ಯೂಟ್ಯೂಬಲ್ಲಿ ದೂರು ಮೇಲ್ನೋಟಕ್ಕೆ ಸರಿ ಅನ್ನಿಸಿದರೆ ವಿಡಿಯೋ ಹಾಕಿದವರಿಗೆ ಸರಿಪಡಿಸೋಕೆ 48 ಗಂಟೆ ಕೊಡಬಹುದು. ದೂರನ್ನ ಮಾಹಿತಿಗೆ ಸಂಬಂಧಪಟ್ಟವರೇ ಕೊಡಬೇಕು, ಅಭಿಮಾನಿಗಳು ನೂರು ಜನ ಒತ್ತಿದರೆ ಪ್ರಯೋಜನ ಇಲ್ಲ.

ಗೂಗಲ್ ಹುಡುಕಾಟದಲ್ಲಿ ವಿಳಾಸ ಬರ್ತಿದ್ದರೆ ಅದಕ್ಕೆ ಬೇರೆ ಅರ್ಜಿ. 2022ರಿಂದ ಬೆದರಿಕೆ ಇಲ್ಲದಿದ್ದರೂ ವಿಳಾಸ, ಫೋನ್ ನಂಬರು ಇರೋ ಫಲಿತಾಂಶ ತೆಗೆಯೋಕೆ ಕೇಳಬಹುದು. ಸ್ಟ್ರೀಟ್ ವ್ಯೂನಲ್ಲಿ ಮನೆ ಕಾಣ್ತಿದ್ದರೆ ಅಲ್ಲೇ ಇರೋ ವರದಿ ಲಿಂಕ್‌ನಿಂದ ಮನೆ ಬ್ಲರ್ ಮಾಡಿಸಬಹುದು. ಅದು ಶಾಶ್ವತ, ಆಮೇಲೆ ವಾಪಸ್ ಬರಲ್ಲ.

ಚಕ್ರವ್ಯೂಹ
ಅಷ್ಟೆಲ್ಲ ಭಯ ಯಾಕೆ? ವಿಳಾಸ ಗೊತ್ತಾದರೆ ಯಾರೋ ನಾಲ್ಕು ಜನ ಪಾರ್ಸೆಲ್ ಕಳಿಸ್ತಾರೆ ಅಷ್ಟೇ.

ಸೀನ್‌ಸ್ವಿಚ್
ದಯವಿಟ್ಟು ಹಾಗೆ ಹೇಳಬೇಡಿ. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಏನಾಯ್ತು ಅಂತ ನೆನಪಿಸ್ಕೊಳ್ಳಿ. ಕಾಲ್ ಆಫ್ ಡ್ಯೂಟಿ ಆಟದಲ್ಲಿ ಒಂದೂವರೆ ಡಾಲರ್ ಪಂದ್ಯಕ್ಕೆ ಇಬ್ಬರು ಜಗಳ ಆಡಿದ್ರು. ಒಬ್ಬ ಮೂರನೆಯವನಿಗೆ ಹೇಳಿ ಪೊಲೀಸರಿಗೆ ಸುಳ್ಳು ಕರೆ ಮಾಡಿಸಿದ. ಎದುರಾಳಿ ಕೊಟ್ಟಿದ್ದು ತನ್ನ ಹಳೇ ವಿಳಾಸ. ಆ ಮನೆಯಲ್ಲಿದ್ದ, ಆಟಕ್ಕೂ ಜಗಳಕ್ಕೂ ಸಂಬಂಧವೇ ಇಲ್ಲದ ವ್ಯಕ್ತಿ ಬಾಗಿಲಿಗೆ ಬಂದಾಗ ಪೊಲೀಸರ ಗುಂಡಿಗೆ ಸತ್ತರು. ಕರೆ ಮಾಡಿದವನಿಗೆ 2019ರಲ್ಲಿ 20 ವರ್ಷ ಜೈಲು ಆಯ್ತು.

"ತಪ್ಪು ವಿಳಾಸ ಬಿಟ್ಟು ದಾರಿ ತಪ್ಪಿಸೋಣ" ಅಂತ ಸಲಹೆ ಕೊಡೋರು ಇರ್ತಾರಲ್ಲ, ಅವರಿಗೂ ಇದೇ ಉತ್ತರ. ಆ ತಪ್ಪು ವಿಳಾಸದಲ್ಲೂ ಯಾರೋ ಒಬ್ಬರು ಸಂಸಾರ ಮಾಡ್ತಿರ್ತಾರೆ.

ಚಕ್ರವ್ಯೂಹ
ಸರಿ, ಈ ಮಾತು ಒಪ್ಪಿದೆ.

ಹ್ಯಾಶ್‌ಹೆಗ್ಗಡೆ
ಮೊದಲ ಪೋಸ್ಟಿನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ: ಆರೋಪ ನಿಜವೋ ಸುಳ್ಳೋ ಪತ್ತೆ ಮಾಡೋದು ಹೇಗೆ. "ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ" ಅನ್ನೋ ಹಾಗೆ ನಡೀತಿದೆ ಈಗ. ಒಂದು ಸ್ಕ್ರೀನ್‌ಶಾಟ್ ಬಂದರೆ ಸಾಕು, ತೀರ್ಪೇ ಆಗೋಗುತ್ತೆ. ಬ್ರೌಸರ್‌ನಲ್ಲಿ ಇನ್‌ಸ್ಪೆಕ್ಟ್ (ಪುಟದ ಕೋಡ್ ತೋರಿಸೋ ಸಾಧನ) ತೆರೆದು ಯಾರ ಮೆಸೇಜನ್ನ ಬೇಕಾದರೂ ಅರ್ಧ ನಿಮಿಷದಲ್ಲಿ ಬದಲಾಯಿಸಿ ಚಿತ್ರ ತೆಗೀಬಹುದು. ಅಂಥ ಚಿತ್ರದಲ್ಲಿ ಪಿಕ್ಸೆಲ್ ಹುಡುಕಿ ಪ್ರಯೋಜನ ಇಲ್ಲ, ಯಾಕಂದ್ರೆ ಅದನ್ನ ಬ್ರೌಸರೇ ಬರೆದಿರುತ್ತೆ. ಫೋಟೋಶಾಪ್ ಗುರುತು ಯಾವುದೂ ಸಿಗಲ್ಲ.

ಹಾಗಾಗಿ ಚಿತ್ರ ಬೇಡ, ಮೆಸೇಜ್ ಲಿಂಕ್ ಕೇಳಿ. ಡಿಸ್ಕಾರ್ಡ್ (ಗುಂಪು ಚಾಟ್ ಆ್ಯಪ್) ಲಿಂಕ್‌ನಲ್ಲಿ ಮೂರು ಉದ್ದನೆಯ ಸಂಖ್ಯೆ ಇರುತ್ತೆ: ಸರ್ವರ್, ಚಾನೆಲ್, ಮೆಸೇಜ್. ಕೊನೆಯ ಸಂಖ್ಯೆಯಲ್ಲೇ ಬರೆದ ಸಮಯ ಅಡಗಿದೆ. ಅದನ್ನ 4194304ರಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ 1420070400000 ಕೂಡಿಸಿ. ಸಿಗೋದು ಯುನಿಕ್ಸ್ ಸಮಯ (1970ರ ಜನವರಿ 1ರಿಂದ ಎಣಿಸಿದ್ದು), ಮಿಲಿಸೆಕೆಂಡುಗಳಲ್ಲಿ. ಆ ದೊಡ್ಡ ಸಂಖ್ಯೆ ಅಂದ್ರೆ 2015ರ ಜನವರಿ 1, ಡಿಸ್ಕಾರ್ಡ್ ಎಣಿಕೆ ಶುರುವಾಗೋ ಕ್ಷಣ. ಮೆಸೇಜ್ ಅಳಿಸಿಹೋಗಿದ್ದರೂ ಹಳೇ ಲಿಂಕ್ ಉಳಿದಿದ್ದರೆ ಸಮಯ ಲೆಕ್ಕ ಹಾಕಬಹುದು. "ಅವರು ವಿಡಿಯೋ ಬರೋ ಮೊದಲೇ ನನ್ನ ವಿಳಾಸ ಹಂಚಿದ್ರು" ಅನ್ನೋ ಥರದ ಆರೋಪವನ್ನ ಇದರಿಂದ ತೂಗಿ ನೋಡಬಹುದು.

ನಿಧಾನಿ
ಎಚ್ಚರಿಕೆ: ಇದರಿಂದ ಸಮಯ ಮಾತ್ರ ಗೊತ್ತಾಗುತ್ತೆ. ಅದರಲ್ಲಿ ಏನು ಬರೆದಿತ್ತು, ಯಾರು ಬರೆದ್ರು ಅನ್ನೋದು ಗೊತ್ತಾಗಲ್ಲ. ಕಂಪ್ಯೂಟರ್‌ನಲ್ಲಿ ಸಾಮಾನ್ಯ ಕ್ಯಾಲ್ಕುಲೇಟರ್ ಕೊನೆ ಅಂಕಿಗಳನ್ನ ದುಂಡಾಗಿಸಿದರೂ ಚಿಂತೆ ಇಲ್ಲ, ಮಿಲಿಸೆಕೆಂಡ್ ಆಚೀಚೆ ಆಗುತ್ತೆ ಅಷ್ಟೇ.

ಹ್ಯಾಶ್‌ಹೆಗ್ಗಡೆ
ಸರಿಯಾಗಿ ಹೇಳಿದ್ರಿ. ಅದಕ್ಕೇ ಸಾಕ್ಷಿ ಸಂಗ್ರಹಿಸೋರು ಚಿತ್ರದ ಜೊತೆ ಸ್ಕ್ರೀನ್ ರೆಕಾರ್ಡಿಂಗ್ ಇಟ್ಕೊಳ್ಳಿ. ಪುಟ ರಿಫ್ರೆಶ್ ಮಾಡೋದರಿಂದ ಶುರು ಮಾಡಿ, ಪ್ರೊಫೈಲ್ ತೆರೆದು ಯೂಸರ್ ಐಡಿ ಕಾಪಿ ಮಾಡೋದು ಕಾಣ್ಬೇಕು. ಹೆಸರು ಬದಲಾಗುತ್ತೆ, ಐಡಿ ಬದಲಾಗಲ್ಲ. ಫೈಲ್ ಮುಗಿದ ಕೂಡಲೇ ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು, ದಿನಾಂಕದ ಸಮೇತ ನಂಬಿಕಸ್ಥ ಮೂರನೆಯವರಿಗೆ ಮೇಲ್ ಮಾಡಿ. ಆಮೇಲೆ ಫೈಲಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಹೊಂದಲ್ಲ.

ಬಿಟ್‌ರೇಟ್‌ಬಾಬು
ಮತ್ತೆ ನನ್ನ ಮಾತಿಗೇ ಬರ್ತೀನಿ. ಸುಳ್ಳು ಕಾಪಿರೈಟ್ ಸ್ಟ್ರೈಕ್ (ಹಕ್ಕುಸ್ವಾಮ್ಯದ ದೂರು ಕೊಟ್ಟು ವಿಡಿಯೋ ತೆಗೆಸೋದು) ಹೊಡೆದು ವಿಮರ್ಶಕರ ವಿಳಾಸ ಕಿತ್ಕೊಳ್ಳೋ ಸ್ಟ್ರೀಮರ್‌ಗಳ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮಾಡ್‌ಕಾವಲು
ಇದು ನಿಜಕ್ಕೂ ಗಂಭೀರ ವಿಷಯ, ಎತ್ತಿದ್ದು ಒಳ್ಳೇದಾಯ್ತು. ಗೊತ್ತಿಲ್ಲದವರಿಗೆ: ಸ್ಟ್ರೈಕ್ ಬಿದ್ದಾಗ ನೀವು ಪ್ರತಿನೋಟಿಸ್ (ದೂರು ತಪ್ಪು ಅನ್ನೋ ಅಧಿಕೃತ ಉತ್ತರ) ಕೊಟ್ಟರೆ ಅದರಲ್ಲಿ ಕಾನೂನುಬದ್ಧ ಹೆಸರು, ವಿಳಾಸ, ಫೋನ್ ನಂಬರ್ ಇರಲೇಬೇಕು. ಆ ಪೂರ್ತಿ ಪ್ರತಿ ಸ್ಟ್ರೈಕ್ ಹಾಕಿದವರ ಕೈಗೆ ಹೋಗುತ್ತೆ. ಅವರು ಅಮೆರಿಕದ 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋಗಿರೋ ಪುರಾವೆ ಕೊಡದಿದ್ದರೆ ವಿಡಿಯೋ ವಾಪಸ್ ಬರುತ್ತೆ, ಆದರೆ ವಿಳಾಸ ಹೋಗಿದ್ದು ಹೋಯ್ತು. 2019ರಲ್ಲಿ ಯೂಟ್ಯೂಬೇ ಒಬ್ಬನ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತ್ತು. ಮೈನ್‌ಕ್ರಾಫ್ಟ್ ವಿಡಿಯೋ ಮಾಡೋರ ಮೇಲೆ ಸುಳ್ಳು ಕಾಪಿರೈಟ್ ದೂರು ಹಾಕಿ ದುಡ್ಡು ಕೇಳ್ತಿದ್ದ ಅನ್ನೋದು ದೂರು. ಪ್ರತಿನೋಟಿಸ್ ಕೊಟ್ಟ ಒಬ್ಬ ಕ್ರಿಯೇಟರ್ ಮನೆಗೆ ಸ್ವಾಟಿಂಗ್ (ಸುಳ್ಳು ಕರೆ ಮಾಡಿ ಪೊಲೀಸರನ್ನ ಕಳಿಸೋದು) ಆಗಿದ್ದನ್ನೂ ಅದರಲ್ಲಿ ಬರೆದಿದ್ದರು. ಕೊನೆಗೆ ಅವನು 25,000 ಡಾಲರ್ ಕೊಟ್ಟು ರಾಜಿಯಾದ.

ವಿಮರ್ಶಕರು ಮಾಡಬೇಕಾದ್ದು: ಪ್ರತಿನೋಟಿಸನ್ನ ವಕೀಲರ ಮೂಲಕ ಕೊಡಿ, ವಿಳಾಸದ ಜಾಗದಲ್ಲಿ ಅವರ ಕಚೇರಿ ಇರಲಿ. ಅದಕ್ಕೆ ಖರ್ಚಿದೆ ಅನ್ನೋದು ನಿಜ. ಅದಕ್ಕೇ ಸ್ಟ್ರೈಕ್ ಹಾಕಿದವರ ಹತ್ತಿರ ಮೊದಲು ವಾಪಸ್ ತಗೊಳ್ಳೋಕೆ ಕೇಳೋದು ಒಳ್ಳೇದು. ಸಿಟ್ಟಲ್ಲಿ ಅವತ್ತೇ ಫಾರ್ಮ್ ತುಂಬಬೇಡಿ.

ಟೈಮ್‌ಲೈನ್ ತಮ್ಮಣ್ಣ
ಸುಳ್ಳು ಸ್ಟ್ರೈಕ್ ಹೊಡೆದು ವಿಳಾಸ ಪಡೆದು ಅದನ್ನ ಚಾಟ್‌ನಲ್ಲಿ ಓದಿದರೆ ಅದು ಡಾಕ್ಸಿಂಗೇ, ಯಾವ ಅನುಮಾನವೂ ಬೇಡ.

ಅಲೆಮಾರಿ404
ಸ್ವಲ್ಪ ಆಚೆ ವಿಷಯ: 2021ರ ಅಕ್ಟೋಬರ್‌ನಲ್ಲಿ ಟ್ವಿಚ್ ಅನ್ನೋ ಲೈವ್ ಸ್ಟ್ರೀಮಿಂಗ್ ಸೈಟಿನಿಂದ ಸ್ಟ್ರೀಮರ್‌ಗಳ ಆದಾಯದ ಪಟ್ಟಿ ಸೋರಿತ್ತಲ್ಲ, ವಿಮರ್ಶಕರು ಅದನ್ನ ಬಳಸೋದು ಸರಿಯಾ?

ನಿಧಾನಿ
ಸರಿ ತಪ್ಪು ಆಮೇಲೆ, ಬಳಸೋರು ಮೊದಲು ಸರಿಯಾಗಿ ಓದಲಿ. ಅದರಲ್ಲಿದ್ದದ್ದು 2019ರಿಂದ ಟ್ವಿಚ್ ಕೊಟ್ಟ ಮೊತ್ತ: ಸಬ್‌ಸ್ಕ್ರಿಪ್ಷನ್, ಬಿಟ್ಸ್ (ವೀಕ್ಷಕರು ಚಾಟ್‌ನಲ್ಲಿ ಕೊಡೋ ಟ್ವಿಚ್ ಟೋಕನ್), ಜಾಹೀರಾತು. ಪ್ರಾಯೋಜಕರ ದುಡ್ಡು, ಬೇರೆ ಸೈಟ್ ಮೂಲಕ ಬರೋ ದೇಣಿಗೆ ಅದರಲ್ಲಿಲ್ಲ. ತೆರಿಗೆ, ಎಡಿಟರ್ ಸಂಬಳ ಕಳೆದಿಲ್ಲ. ಆ ಅಂಕಿ ಹಿಡ್ಕೊಂಡು "ಇಷ್ಟು ಜೇಬಿಗೆ ಹೋಯ್ತು" ಅಂತ ವಾದ ಮಾಡಿದರೆ ಎರಡು ಕಡೆಯಿಂದಲೂ ತಪ್ಪು.

ಮಾಡ್‌ಕಾವಲು
ದಯವಿಟ್ಟು ಮೂಲ ವಿಷಯಕ್ಕೆ ಬನ್ನಿ. ಆದಾಯದ ಚರ್ಚೆಗೆ ಬೇರೆ ಥ್ರೆಡ್ ತೆರೀರಿ.

ಗಾಜಿನಮನೆ
ಚಿಕ್ಕ ಚಾನೆಲ್ ನಡೆಸೋರಿಗೆ ವಿಮರ್ಶಕರಿಗಿಂತ ತಮ್ಮ ಸ್ಕ್ರೀನೇ ದೊಡ್ಡ ಶತ್ರು ಅನ್ನಿಸುತ್ತೆ. ಲೈವಲ್ಲೇ ಸೋರಿದರೆ ಏನು ಮಾಡೋದು? 20 ಸೆಕೆಂಡ್ ಡಿಲೇ ಇಟ್ಟರೆ ಸಾಕಾ?

ಸೀನ್‌ಸ್ವಿಚ್
ಡಿಲೇ ಇಟ್ಟರೆ ಸಾಕು ಅನ್ನೋ ನಂಬಿಕೆಯಿಂದ ಮೋಸ ಹೋಗೋರು ಬಹಳ. ಲೈವ್ ಕಳಿಸೋ ತಂತ್ರಾಂಶ ಒಬಿಎಸ್‌ನಲ್ಲಿ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಸ್ಟ್ರೀಮ್ ಡಿಲೇ 20 ಸೆಕೆಂಡ್ ಇಟ್ಟಿದ್ದೀರಿ ಅಂದ್ಕೊಳ್ಳಿ. ಮೇಲ್ ತೆರೆದು ವಿಳಾಸ ಕಂಡಿತು. ಗಾಬರಿಯಲ್ಲಿ "ಈಗ ಬರ್ತೀನಿ" ಸೀನ್‌ಗೆ ಬದಲಾಯಿಸ್ತೀರಿ. ಆ ಸೀನ್ ಕೂಡ 20 ಸೆಕೆಂಡ್ ಆದ ಮೇಲೇ ಹೋಗೋದು, ಅದಕ್ಕೂ ಮೊದಲು ವಿಳಾಸ ಕಂಡ ತುಂಡು ಸಾವಕಾಶವಾಗಿ ಪ್ರಸಾರ ಆಗುತ್ತೆ. ಸುಮ್ಮನೆ ಸ್ಟಾಪ್ ಒತ್ತಿದರೂ ಉಳಿದ ಡಿಲೇ ಖಾಲಿ ಆಗೋ ತನಕ ಕಳಿಸುತ್ತೆ. ಡಿಲೇ ಇದ್ದಾಗ ಸ್ಟಾಪ್ ಗುಂಡಿಯಲ್ಲಿ ಎರಡು ಆಯ್ಕೆ ಬರುತ್ತೆ, ಅದರಲ್ಲಿ ಡಿಸ್ಕಾರ್ಡ್ ಡಿಲೇ (discard, ಚಾಟ್ ಆ್ಯಪ್ ಅಲ್ಲ) ಅನ್ನೋದನ್ನೇ ಆಯ್ಕೆ ಮಾಡ್ಬೇಕು. ಆಗ ಮಾತ್ರ ಬಾಕಿ ಇರೋ ವಿಡಿಯೋ ಎಸೆದುಹೋಗುತ್ತೆ. ಇದನ್ನ ಪ್ರೈವೇಟ್ ಸ್ಟ್ರೀಮ್‌ನಲ್ಲಿ ಒಮ್ಮೆ ಅಭ್ಯಾಸ ಮಾಡಿ, ಕೈ ನಡುಗುವಾಗ ಮೆನು ಹುಡುಕೋಕೆ ಆಗಲ್ಲ.

ಅದಕ್ಕಿಂತ ಮುಖ್ಯ, ಪೂರ್ತಿ ಪರದೆ ತೋರಿಸೋ ಡಿಸ್‌ಪ್ಲೇ ಕ್ಯಾಪ್ಚರ್ ಬಿಟ್ಟು, ವಿಂಡೋ ಕ್ಯಾಪ್ಚರ್ ಅಥವಾ ಗೇಮ್ ಕ್ಯಾಪ್ಚರ್ ಬಳಸಿ. ನೋಟಿಫಿಕೇಶನ್, ಮೇಲ್ ಯಾವುದೂ ಅದರೊಳಗೆ ಬರಲ್ಲ. ಸ್ಟ್ರೀಮ್‌ಗೆ ಬೇರೆ ಬ್ರೌಸರ್ ಪ್ರೊಫೈಲ್ ಇರಲಿ, ಅದರಲ್ಲಿ ಆಟೋಫಿಲ್ ಆಫ್ ಮಾಡಿಡಿ. ಅಡ್ರೆಸ್ ಬಾರಿನಲ್ಲಿ ಒಂದು ಅಕ್ಷರ ಒತ್ತಿದ ಕೂಡಲೇ ಇಳಿಯೋ ಹಳೇ ಹುಡುಕಾಟಗಳಿಂದ ಸೋರಿರೋದು ಕಮ್ಮಿ ಏನಲ್ಲ.

ಗಾಜಿನಮನೆ
ಯೂಟ್ಯೂಬ್ ಲೈವ್‌ನಲ್ಲಿ ಜನ ಹಿಂದಕ್ಕೆ ಎಳೆದು ನೋಡಬಹುದಲ್ಲ?

ಸೀನ್‌ಸ್ವಿಚ್
ಹೌದು, ಡಿವಿಆರ್ (ಲೈವನ್ನ ಹಿಂದಕ್ಕೆ ಎಳೆಯೋ ಸೌಲಭ್ಯ) ಆನ್ ಇದ್ದರೆ ನೋಡಬಹುದು. ಹಾಗಾಗಿ ಸೋರಿದ ಮೇಲೆ ಸ್ಟ್ರೀಮ್ ಮುಂದುವರಿಸೋದರಲ್ಲಿ ಅರ್ಥ ಇಲ್ಲ. ಮುಗಿಸಿ, ಆರ್ಕೈವ್ ಪ್ರೈವೇಟ್ ಮಾಡಿ, ಬೇರೆ ಲಿಂಕ್‌ನಲ್ಲಿ ಮತ್ತೆ ಶುರು ಮಾಡಿ. ಟ್ವಿಚ್‌ನಲ್ಲಾದರೆ ವಿಡಿಯೋ ಅಳಿಸಿ ಸುಮ್ಮನಾಗಬೇಡಿ, ಕ್ಲಿಪ್‌ಗಳು ಬೇರೆಯಾಗಿ ಉಳಿದಿರ್ತವೆ. ಕ್ಲಿಪ್ ಮ್ಯಾನೇಜರ್‌ಗೆ ಹೋಗಿ ಬೇರೆಯವರು ಮಾಡಿದ್ದನ್ನೂ ಅಳಿಸಿ.

ಅಲೆಮಾರಿ404
ಚಾಟ್‌ನಲ್ಲಿ ವಿಳಾಸ ಹಾಕೋರನ್ನ ತಡೆಯೋಕೆ ನಮ್ಮ ಬೀದಿ ಹೆಸರನ್ನ ನಿಷೇಧಿತ ಪದಗಳ ಪಟ್ಟಿಗೆ ಸೇರಿಸಿದರೆ ಆಯ್ತಲ್ಲ?

ಮಾಡ್‌ಕಾವಲು
ಸೇರಿಸಿ, ಆದರೆ ನೋಡ್ಕೊಂಡು. ಟ್ವಿಚ್‌ನಲ್ಲಿ ಆ ಪಟ್ಟಿಗೆ ಎರಡು ಬಗೆ ಇದೆ, ಮಾಡ್‌ಗಳಿಗೂ ಕಾಣೋದು ಮತ್ತು ಚಾನೆಲ್ ಒಡೆಯರಿಗೆ ಮಾತ್ರ ಕಾಣೋ ಪ್ರೈವೇಟ್. ಬೀದಿ ಹೆಸರು, ಅಪ್ಪ ಅಮ್ಮನ ಹೆಸರು, ಫೋನಿನ ಕೊನೆ ಅಂಕಿ ಎಲ್ಲ ಪ್ರೈವೇಟ್‌ನಲ್ಲೇ ಹಾಕಿ. ಮಾಡ್ ತಂಡದಲ್ಲಿ ಜಗಳ ಆಗಿ ಹೊರಗೆ ಹೋದವರೇ ಮುಂದೆ ಪಟ್ಟಿ ಹೊರಗೆ ಹಾಕೋ ಸಾಧ್ಯತೆ ಜಾಸ್ತಿ. ಮತ್ತೆ ಒಂದೇ ಕಾಗುಣಿತ ಹಾಕಿದರೆ ಪ್ರಯೋಜನ ಇಲ್ಲ. ಮಧ್ಯೆ ಚುಕ್ಕೆ, ಸ್ಪೇಸ್, ಓ ಬದಲು ಸೊನ್ನೆ, ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡೂ ಸೇರಿಸಿ.

ಕೊನೆಬೆಂಚು
ತುಂಬಾ ಉಪಯೋಗ ಆಯ್ತು. ಬಿಟ್‌ರೇಟ್‌ಬಾಬು ಅವರೇ, ಈಗಲೂ "ಪಬ್ಲಿಕ್ ದಾಖಲೆ, ಮುಗೀತು" ಅಂತೀರಾ?

ಬಿಟ್‌ರೇಟ್‌ಬಾಬು
ಮನೆ ನಂಬರ್ ಮುಚ್ಚಬೇಕು ಅನ್ನೋದು ಒಪ್ಪಿದೆ. ನಿರ್ದೇಶಕರ ಹೆಸರನ್ನೂ ಮುಚ್ಚಿ ಅಂದರೆ ಒಪ್ಪಲ್ಲ. ಸಾರ್ವಜನಿಕರ ಹತ್ತಿರ ದುಡ್ಡು ಎತ್ತಿದ ಸಂಸ್ಥೆ ನಡೆಸೋದು ಯಾರು ಅಂತ ಕೊಟ್ಟವರಿಗೆ ಗೊತ್ತಿರಲೇಬೇಕು.

ಮಾಡ್‌ಕಾವಲು
ಆ ಹೆಸರು ಸ್ಟ್ರೀಮರ್‌ದೇ ಆಗಿದ್ದರೆ ನನ್ನ ತಕರಾರಿಲ್ಲ. ಎರಡನೇ ನಿರ್ದೇಶಕರ ಜಾಗದಲ್ಲಿ ಅವರ ಅಮ್ಮನ ಹೆಸರಿದ್ದು, ಅವರು ಕ್ಯಾಮೆರಾ ಮುಂದೆ ಒಮ್ಮೆಯೂ ಬಂದಿಲ್ಲ ಅಂದರೆ? ಅಲ್ಲಿ "ಕುಟುಂಬದ ಇನ್ನೊಬ್ಬರು" ಅಂತ ಹೇಳಿ ಹೆಸರು ಮುಚ್ಚಿದರೆ ನಿಮ್ಮ ವಾದಕ್ಕೆ ಏನು ಕಮ್ಮಿ ಆಗುತ್ತೆ?

ಬಿಟ್‌ರೇಟ್‌ಬಾಬು
ದುಡ್ಡು ಅವರ ಖಾತೆಗೆ ಹೋಗಿದ್ದರೆ ಕಮ್ಮಿ ಆಗುತ್ತೆ. ಹೋಗಿಲ್ಲದಿದ್ದರೆ ಮುಚ್ಚಬಹುದು.